ನಾಲ್ಕು ಬೆರಳು ಎತ್ತರದ ಜೀಪು

ನನ್ನ ಜೀಪಿನ ಬಾಗಿಲ ಕೆಳಗೆ ಜಾಲಿ ಕಟ್ಟಿಗೆಯ ಒಂದು ಮೆಟ್ಟಿಲಿದೆ. ಒಂದು ಗೇಣು ಅಗಲ, ಒಂದು ಮೊಳ ಉದ್ದ, ಎಣ್ಣೆ ಕುಡಿದು ಕುಡಿದು ಕಪ್ಪಾದ ಹಲಗೆ. ಕಬ್ಬಿಣದ ಗಾಡಿಗೆ ಕಟ್ಟಿಗೆಯ ಮೆಟ್ಟಿಲು ಯಾಕೆ ಎಂದು ಕೇಳದವರಿಲ್ಲ. ಡೀಸೆಲ್ ಹಾಕುವವರು ಕೇಳುತ್ತಾರೆ. ಸವದತ್ತಿಯಲ್ಲಿ ಚಹಾದ ಅಂಗಡಿಯ ಮುಂದೆ ನಿಲ್ಲಿಸಿದರೆ ದೇವಿಯ ಗುಡ್ಡಕ್ಕೆ ಹೊರಟವರು ಕೇಳುತ್ತಾರೆ. ಕಿತ್ತೂರಿನಲ್ಲಿ ಒಮ್ಮೆ ಪೊಲೀಸರೊಬ್ಬರು ನನ್ನ ಕಾಗದಪತ್ರ ಕೈಯಲ್ಲಿ ಹಿಡಿದುಕೊಂಡು, ಅವುಗಳನ್ನು ನೋಡುವುದು ಬಿಟ್ಟು, ಮೆಟ್ಟಿಲನ್ನೇ ನೋಡುತ್ತ ನಿಂತರು. "ಇದನ್ನ ಕೂಡ್ರಸಿದವರು ಯಾರ್ರಿ? ಒಂದ ಮೊಳಿ ಸೈತ ಕಾಣವಲ್ದು" ಎಂದರು. ನಾನು ಹೇಳಿದೆ. ಅವರು ಕಾಗದಪತ್ರ ನೋಡದೆಯೇ ಕೊಟ್ಟು ಕಳಿಸಿದರು.

ಅವರಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಆದರೆ ಮೆಟ್ಟಿಲಿನ ಸುದ್ದಿ ಹೇಳಬೇಕಾದರೆ ಟೈರಿನ ಸುದ್ದಿ ಹೇಳಬೇಕು, ಟೈರಿನದು ಹೇಳಬೇಕಾದರೆ ನಮ್ಮಪ್ಪನದು ಹೇಳಬೇಕು. ಅಪ್ಪನ ಮಾತು ಬಂದರೆ ನನಗೆ ಜಂಭ ತಡೆಯುವುದಿಲ್ಲ. ಮೊದಲೇ ಹೇಳಿದ್ದೇನೆ, ಆಮೇಲೆ ದೂರಬೇಡಿ.

ನಾನು ದನದ ಡಾಕ್ಟರು. ಮನೆ ಸಂಪಗಾಂವದಲ್ಲಿ, ಕೆಲಸ ದೊಡವಾಡದ ಕಡೆ. ಮನುಷ್ಯರ ಡಾಕ್ಟರಾಗಿದ್ದರೆ ಕುರ್ಚಿಯಲ್ಲಿ ಕೂತು "ಮುಂದಿನವರು ಬರ್ರಿ" ಎನ್ನಬಹುದಿತ್ತು. ಈಯಲು ನೋವು ತಿನ್ನುತ್ತಿರುವ ಎಮ್ಮೆಗೆ ಹಾಗೆ ಹೇಳಲಾಗುವುದಿಲ್ಲ. ಅದು ಎಲ್ಲಿ ಮಲಗಿದೆಯೋ ಅಲ್ಲಿಗೆ ನಾವೇ ಹೋಗಬೇಕು, ಅದು ಮಲಗುವುದು ಯಾವಾಗಲೂ ರಸ್ತೆ ಮುಗಿದ ಮೇಲೆ. ಅದಕ್ಕೆಂದೇ ಜೀಪು ಕೊಂಡೆ. ನಾಲ್ಕೂ ಗಾಲಿಗೆ ಎಂಜಿನ್ನಿನ ಶಕ್ತಿ ಹೋಗುವ ಹಳೆಯ ಜೀಪು. ನಿವೃತ್ತಿಯಾದ ಹಿರಿಯ ಡಾಕ್ಟರೊಬ್ಬರದು. ಅವರು ಕೀಲಿ ಕೊಡುವಾಗ, "ಇದು ನಿನ್ನ ಮಾತ್ ಕೇಳತೈತಿ, ಎರಿ ಮಾತ್ರ ಯಾರ ಮಾತೂ ಕೇಳಂಗಿಲ್ಲ" ಎಂದಿದ್ದರು.

ಎರೆ ಮಣ್ಣನ್ನು ಕಾಣದವರಿಗೆ ಒಂದು ಮಾತು. ನಮ್ಮ ಕಡೆಯ ಈ ಕರಿ ಮಣ್ಣು ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಿತ್ತೋ, ಎಣ್ಣೆ ಕಲಸಿದ ಹಿಟ್ಟಾಗುತ್ತದೆ. ನಡೆದರೆ ಹತ್ತು ಹೆಜ್ಜೆಗೆ ಒಂದೊಂದು ಕಾಲು ಎರಡೆರಡು ಸೇರು ತೂಗುತ್ತದೆ. ಇಪ್ಪತ್ತು ಹೆಜ್ಜೆಗೆ ಚಪ್ಪಲಿ ಹಿಂದೆ ಉಳಿದು ನೀವು ಮುಂದೆ ಹೋಗಿರುತ್ತೀರಿ. ಕಡಲೆ, ಹತ್ತಿ, ಬಿಳಿಜೋಳ ಕೊಡುವ ತಾಯಿ ಅದೇ ಮಣ್ಣು, ಆದ್ದರಿಂದ ಬಯ್ಯುವ ಹಾಗೂ ಇಲ್ಲ. ರಾಮದುರ್ಗದ ಕಡೆ ಹೋದರೆ ನೆಲ ಕಲ್ಲಾಗುತ್ತದೆ. ತೊರಗಲ್ ಕೋಟೆಯ ಹಿಂದೆ ಕುರಿಗಳಿಗೆ ಲಸಿಕೆ ಹಾಕಲು ಹೋದಾಗ ಜೀಪು ಕುಣಿದರೂ ನಿಲ್ಲುತ್ತಿರಲಿಲ್ಲ. ನಮ್ಮ ಹತ್ತಿರ ಮಾತ್ರ ಮಳೆಗಾಲದ ಒಂದೊಂದು ಹೊಲದಲ್ಲೂ ಅದು ಸಿಕ್ಕಿಬೀಳುತ್ತಿತ್ತು, ಕೊನೆಗೆ ರಸ್ತೆಯ ಅಂಚಿಗೇ ಬಿಟ್ಟು ನಡೆಯುವುದು ರೂಢಿಯಾಯಿತು.

ದೊಡ್ಡ ಟೈರು ಹಾಕಿಸುವ ಹುಚ್ಚು ನನಗೆ ಹತ್ತಿದ್ದು ಮೊಬೈಲಿನಿಂದ. ಯಾವುದೋ ದೇಶದ ಮರಳಿನಲ್ಲಿ ದಪ್ಪ ದಪ್ಪ ಟೈರಿನ ಗಾಡಿಗಳು ಹಾರುತ್ತಿದ್ದವು. ನೋಡುತ್ತ ನೋಡುತ್ತ ನಮ್ಮ ದೊಡವಾಡದ ಎರೆಯೂ ನನ್ನ ಕಣ್ಣಿಗೆ ಮರಳಾಗಿಬಿಟ್ಟಿತು. ಬೆಳಗಾವಿಗೆ ಹೋಗಿ ಹೊಳೆಯುವ ಹೊಸ ಡಿಸ್ಕು ಸಮೇತ ನಾಲ್ಕು ಅಗಲವಾದ ಟೈರು ಹಾಕಿಸಿಕೊಂಡು ಬಂದೆ. ಊರೊಳಗೆ ಬೇಕೆಂದೇ ಎರಡು ಸುತ್ತು ಹೊಡೆದೆ. ಬೈಲಹೊಂಗಲದಲ್ಲಿ ನನ್ನ ಜೀಪನ್ನು ಯಾವಾಗಲೂ ನೋಡಿಕೊಳ್ಳುವ ರಾಜೇಸಾಬ ಅಂಗಡಿಯಿಂದ ಹೊರಗೆ ಬಂದು ಸುತ್ತಲೂ ತಿರುಗಿ ನೋಡಿದ.

"ಟಾಯರ ಭಾರಿ ಅದಾವ್ರಿ ಅಕ್ಕಾರ. ಆದ್ರ ಗಾಡಿ ಇವನ್ನ ಹೊರತೈತೋ, ಇವು ಗಾಡಿನ ಹೊರತಾವೋ, ಅದ ತಿಳಿವಲ್ದು" ಎಂದ.

ತನ್ನನ್ನು ಬಿಟ್ಟು ಬೇರೆಯವರಿಂದ ಕೊಂಡದ್ದಕ್ಕೆ ಹೊಟ್ಟೆಕಿಚ್ಚು ಎಂದುಕೊಂಡೆ. ನನಗೆ ಬುದ್ಧಿ ಬರುವುದು ಸ್ವಲ್ಪ ತಡವೇ.

ಆ ವರ್ಷ ಹುಬ್ಬಿ ನಕ್ಷತ್ರದ ಮಳೆ ಜೋರು. ಒಂದು ಬೆಳಿಗ್ಗೆ ಗಂಗವ್ವನಿಂದ ಫೋನು ಬಂತು. ಗಂಗವ್ವ ದೊಡವಾಡದಿಂದ ಎರಡು ಮೈಲಿ ಒಳಗೆ, ಹೊಲದಲ್ಲೇ ಮನೆ ಮಾಡಿಕೊಂಡಿರುವ ಒಂಟಿ ಹೆಂಗಸು. ಒಂದು ಎಮ್ಮೆ, ಅದರ ಇನ್ನೂ ಈಯದ ಮಣಕ, ನಾಲ್ಕು ಎಕರೆ ಎರೆ, ಇಷ್ಟೇ ಅವಳ ಸಂಸಾರ. ಎಮ್ಮೆಗೆ ನಸುಕಿನಿಂದ ನೋವು ಬರುತ್ತಿದೆ, ಕರು ಹೊರಬರುತ್ತಿಲ್ಲ ಎಂದಳು. ಹೊರಟೆ. ಅವಳ ಮನೆಗೆ ಎರಡು ಹೊಲ ದೂರವಿರುವಾಗ ಜೀಪು ನಿಂತಿತು. ಗಾಲಿ ತಿರುಗುತ್ತಿತ್ತು, ಗಾಡಿ ಮುಂದೆ ಹೋಗುತ್ತಿರಲಿಲ್ಲ. ಇಳಿದು ನೋಡಿದರೆ ಟೈರಿನ ಹಲ್ಲುಗಳೆಲ್ಲ ಮಣ್ಣು ತುಂಬಿ ಒನಕೆಯ ಹಾಗೆ ನುಣ್ಣಗಾಗಿವೆ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಇದ್ದ ಸಂದಿಯಲ್ಲಿ ಕೆಸರು ಗಟ್ಟಿಯಾಗಿ ಮೆತ್ತಿದೆ. ಗುದ್ದಲಿ ಇರಲಿಲ್ಲ. ಕೈಯಿಂದ ಕಿತ್ತೆ. ಆಮೇಲೆ ಔಷಧದ ಪೆಟ್ಟಿಗೆ ತಲೆಯ ಮೇಲೆ ಹೊತ್ತು ನಡೆದೆ, ಬಿದ್ದೆ, ಎದ್ದೆ. ಮುಟ್ಟುವ ಹೊತ್ತಿಗೆ ಎಮ್ಮೆ ಕೊರಳು ಚಾಚಿತ್ತು. ಕರುವೂ ಉಳಿಯಲಿಲ್ಲ.

ಗಂಗವ್ವ ನನ್ನನ್ನು ಬಯ್ಯಲಿಲ್ಲ. ತಂಬಿಗೆಯಲ್ಲಿ ನೀರು ತಂದು ನನ್ನ ಕೈಮೇಲೆ ಹಾಕಿದಳು. "ನೀವಾದ್ರೂ ಏನ್ ಮಾಡ್ತೀರಿ, ದಾರಿ ಹಂಗ ಐತಿ" ಎಂದಳು. ಬಯ್ದಿದ್ದರೆ ನನಗೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ. ಹಳೆಯ ಸಣ್ಣ ಟೈರಿದ್ದಾಗಲಾದರೂ ನಾನು ಹೆದರಿ ರಸ್ತೆಯ ಅಂಚಿಗೇ ಜೀಪು ಬಿಟ್ಟು ನಡೆಯುತ್ತಿದ್ದೆ. ಸೊಕ್ಕಿನಿಂದ ಒಳಗೆ ನುಗ್ಗಿಸಿ ಕೆಸರು ಕೀಳುತ್ತ ಕೂತದ್ದಕ್ಕೇ ಹೊತ್ತು ಹೋಯಿತು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಗೂಟದಲ್ಲಿ ಕಟ್ಟಿದ್ದ ಮಣಕ ನನ್ನನ್ನೇ ನೋಡುತ್ತಿತ್ತು. ಮುಂದಿನ ವರ್ಷವೋ ಅದರ ಮುಂದಿನ ವರ್ಷವೋ ಅದು ಈಯುತ್ತದೆ, ಅವತ್ತು ನಾನು ತಡವಾಗಿ ಬರಬಾರದು ಎಂದುಕೊಂಡೆ.

ಜೀಪನ್ನು ಎಳೆದು ಹೊರಗೆ ತಂದದ್ದು ಪಕ್ಕದ ಹೊಲದವರ ಎತ್ತುಗಳು. ಆ ಎತ್ತಿನಲ್ಲಿ ಒಂದಕ್ಕೆ ಹಿಂದಿನ ವಾರ ನಾನೇ ಗೊರಸಿಗೆ ಮುಲಾಮು ಹಚ್ಚಿದ್ದೆ. ಸುದ್ದಿ ನನಗಿಂತ ಮೊದಲು ಊರು ಮುಟ್ಟಿತು. ಅವತ್ತಿನಿಂದ ನಾನು ಯಾವ ಕಡೆ ಹೊರಟರೂ, "ಡಾಕ್ಟರ್ ಅಕ್ಕಾರು ಬರಾಕತ್ತಾರಂತ, ಎತ್ತ ಹೂಡಿ ಇಡ್ರಿ" ಎಂದು ನಗುವುದು ರೂಢಿಯಾಯಿತು.

ಈಗ ಅಪ್ಪನ ಮಾತಿಗೆ ಬರುತ್ತೇನೆ. ನಮ್ಮಪ್ಪ ಮೌನೇಶಪ್ಪ, ಗಾಲಿ ಬಡಿಗ. ಬಡಿಗರಲ್ಲಿ ಬಾಗಿಲು ಚೌಕಟ್ಟು ಮಾಡುವವರು ಬೇರೆ, ಚಕ್ಕಡಿಯ ಗಾಲಿ ಮಾಡುವವರು ಬೇರೆ. ಗಾಲಿ ಎಲ್ಲರ ಕೈಗೆ ಒಲಿಯುವುದಿಲ್ಲ. ಒಂದು ಅರ ಒಂದು ಎಳೆ ಹೆಚ್ಚುಕಡಿಮೆಯಾದರೂ ಗಾಲಿ ಕುಂಟುತ್ತದೆ, ಕುಂಟಿದ್ದು ಎತ್ತಿನ ಹೆಗಲಿಗೆ ಗೊತ್ತಾಗುತ್ತದೆ, ಎತ್ತು ಒಡೆಯನಿಗೆ ಹೇಳುತ್ತದೆ ಎನ್ನುತ್ತಿದ್ದ. ನಮ್ಮ ಮನೆಯ ಹಿಂದಿನ ಬಯಲಿನಲ್ಲಿ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸುವ ದಿನ ನನಗೆ ದೀಪಾವಳಿಗಿಂತ ದೊಡ್ಡ ಹಬ್ಬ. ಸುತ್ತಲೂ ಸೆಗಣಿಯ ಕುಳ್ಳು ಒಟ್ಟಿ ಪಟ್ಟಿಯನ್ನು ಕೆಂಪಗೆ ಕಾಯಿಸುವುದು, ಕಂಬಾರರ ಜೊತೆ ಅಪ್ಪ ಉದ್ದ ಇಕ್ಕಳದಲ್ಲಿ ಅದನ್ನೆತ್ತಿ ಗಾಲಿಗೆ ತೊಡಿಸುವುದು, ಕಟ್ಟಿಗೆ ಚುರುಗುಟ್ಟಿ ಹೊಗೆ ಏಳುವುದು, ನಾವು ಕೊಡ ಕೊಡ ನೀರು ಸುರಿಯುವುದು. ನೀರು ಬಿದ್ದಾಗ ಪಟ್ಟಿ ಬಿಗಿದು ಅರಗಳೆಲ್ಲ ಕಿರ್ ಎನ್ನುತ್ತಿದ್ದವು. ಅಪ್ಪ ಕಣ್ಣು ಮುಚ್ಚಿ ಆ ಸದ್ದು ಕೇಳುತ್ತಿದ್ದ. ಸದ್ದು ಸರಿಯಿದ್ದರೆ ಏನೂ ಹೇಳುತ್ತಿರಲಿಲ್ಲ. ಆ ಮೌನವೇ ಅವನ ಶಾಭಾಸು.

ಅಂಥವನಿಗೆ ರಬ್ಬರು ಶತ್ರುವಾಯಿತು. ಚಕ್ಕಡಿಗೆ ಟೈರು ಬಂತು, ಆಮೇಲೆ ಚಕ್ಕಡಿಯೇ ಹೋಗಿ ಟ್ರ್ಯಾಕ್ಟರ್ ಬಂತು. ಅಪ್ಪ ಯಾರ ಮುಂದೆಯೂ ಗೋಳಾಡಲಿಲ್ಲ. ಕಿಟಕಿ, ಮಂಚ, ಕುಂಟೆ ಮಾಡಿಕೊಂಡು ನಮ್ಮನ್ನೆಲ್ಲ ಓದಿಸಿದ. ಆದರೆ ಟೈರು ಎಂಬ ಮಾತನ್ನು ಬಾಯಿಂದ ಆಡಲಿಲ್ಲ. "ರಬ್ಬರ" ಎನ್ನುತ್ತಿದ್ದ, ಮೂಗು ಮುರಿದು. ಬಸ್ಸು ಹತ್ತುತ್ತೀಯಲ್ಲ ಎಂದರೆ, "ಅದು ಸರ್ಕಾರದ ರಬ್ಬರ, ಅದಕ್ಕ ಮಾಫಿ ಐತಿ" ಎನ್ನುತ್ತಿದ್ದ. ಓಣಿಯ ಮಕ್ಕಳೆಲ್ಲ ಹಳೆಯ ಸೈಕಲ್ ಟೈರನ್ನು ಕೋಲಿನಿಂದ ಹೊಡೆದು ಉರುಳಿಸುತ್ತ ಓಡುವಾಗ ಗಾಲಿ ಬಡಿಗನ ಮಗಳಾದ ನನಗೆ ಮಾತ್ರ ಆ ಆಟ ನಿಷಿದ್ಧ. ನಾನು ಒಂದನ್ನು ಕುಳ್ಳಿನ ಬಣವೆಯ ಹಿಂದೆ ಬಚ್ಚಿಟ್ಟಿದ್ದೆ. ಅವ್ವನಿಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ, ಯಾಕೆಂದರೆ ಬಣವೆಯ ಆ ಬದಿಗೆ ಅವನು ಎಂದೂ ಬರುತ್ತಿರಲಿಲ್ಲ.

ಜೀಪು ತಂದ ದಿನ ಅಪ್ಪ ತೆಂಗಿನಕಾಯಿ ಒಡೆದ, ಬಾನೆಟ್ಟಿಗೆ ವಿಭೂತಿ ಹಚ್ಚಿದ, ಗಾಜಿಗೆ ಹಚ್ಚಿದ, ಗೇರಿನ ಹಿಡಿಕೆಗೂ ಹಚ್ಚಿದ. ಗಾಲಿಗೆ ಹಚ್ಚಲಿಲ್ಲ. ಪ್ರತಿ ವರ್ಷ ಆಯುಧಪೂಜೆಗೂ ಇದೇ. ಐದು ವರ್ಷ ಜೀಪು ಅಂಗಳದಲ್ಲಿ ನಿಂತಿತ್ತು, ಅಪ್ಪ ಒಂದು ದಿನವೂ ಅದರಲ್ಲಿ ಕೂಡಲಿಲ್ಲ.

ಗಂಗವ್ವನ ಎಮ್ಮೆ ಸತ್ತ ದಿನ ಮನೆಗೆ ಬಂದವಳೇ ಜೀಪನ್ನು ಹಾಗೆಯೇ ಬಿಟ್ಟು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಅವ್ವ ಊಟಕ್ಕೆ ಕರೆದಳು, ಏಳಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಜೀಪಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದ. ಒಣಗಿದ ಕೆಸರನ್ನು ಉಳಿಯ ಹಿಂಬದಿಯಿಂದ ಎಬ್ಬಿಸಿ ಎಬ್ಬಿಸಿ ಕೈಯಲ್ಲಿ ಹಿಡಿದು ನೋಡುತ್ತಿದ್ದ. ಎಡಗೈ ಟೈರಿನ ಮೇಲಿತ್ತು. ಅವನ ಕೈ ರಬ್ಬರಿನ ಮೇಲಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

"ಇಷ್ಟ ಅಗಲ ಯಾಕ ಬೇಕಾಗಿತ್ತು?" ಎಂದು ಕೇಳಿದ, ತಿರುಗಿ ನೋಡದೆ.

"ಅಗಲ ಇದ್ರ ಹುಗಿಯಂಗಿಲ್ಲ ಅಂತ ಹೇಳಿದ್ರಪ್ಪಾ."

"ಉಸುಕಿನಾಗ ಹುಗಿಯಂಗಿಲ್ಲ. ಇದು ಎರಿ. ಅಗಲ ಗಾಲಿ ಕೆಸರ ಹೊರತೈತಿ, ಎತ್ತರ ಗಾಲಿ ಕೆಸರ ಕಡಿತೈತಿ. ನನ್ನ ಗಾಲಿ ಎಷ್ಟ ಅಗಲ ಇರ್ತಿದ್ದು? ಮೂರ ಬೆರಳ. ಎತ್ತರ? ನಿನ್ನ ಎದಿಮಟ. ಇಪ್ಪತ್ತ ಚೀಲ ಹೇರಿದ್ರೂ ಹೋಗತಿತ್ತು. ಮ್ಯಾಲಿನ ಕೆಸರ ಕೊರಕೊಂಡ ಹೋಗಿ ತಳದಾಗಿನ ಗಟ್ಟಿ ನೆಲಾ ಹಿಡಿತಿತ್ತು. ಗಾಲಿ ಎರಿ ಮ್ಯಾಲ ನಡಿಬಾರ್ದವಾ, ಎರಿ ಒಳಗ ನಡಿಬೇಕು."

ಆಮೇಲೆ ಮಡ್‌ಗಾರ್ಡಿನ ಸಂದಿಯಲ್ಲಿ ಬೆರಳು ಹಾಕಿ, "ಮತ್ತ ಗಾಲಿ ಎತ್ತಿದ ಕೆಸರ ಎಲ್ಲಿ ಹೋಗಬೇಕು? ಅದಕ್ಕ ದಾರೀನ ಇಟ್ಟಿಲ್ಲ" ಎಂದ.

ಐದು ವರ್ಷ ಓದಿ ಡಾಕ್ಟರಾದವಳು, ಮೊಬೈಲಿನಲ್ಲಿ ಜಗತ್ತಿನ ಗಾಡಿಗಳನ್ನೆಲ್ಲ ನೋಡಿದವಳು, ಗಾಲಿ ಕೊಳ್ಳುವ ಮುಂಚೆ ಗಾಲಿ ಬಡಿಗನನ್ನೇ ಕೇಳಿರಲಿಲ್ಲ. ಅವನು ನನ್ನ ಮನೆಯಲ್ಲೇ ಇದ್ದ. ರಬ್ಬರಿನ ಸುದ್ದಿ ಎತ್ತಿದರೆ ಅಪ್ಪನಿಗೆ ನೋವಾದೀತು ಎಂದು ಸುಮ್ಮನಿದ್ದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜ ಅದಲ್ಲ. ಅವನ ವಿದ್ಯೆ ತೀರಿಹೋಯಿತು ಎಂದು ನಾನೂ ನಂಬಿಬಿಟ್ಟಿದ್ದೆ.

ಇಬ್ಬರೂ ಬಸ್ಸಿನಲ್ಲಿ ಬೈಲಹೊಂಗಲಕ್ಕೆ ಹೋದೆವು. ಮಾಫಿ ಇರುವ ರಬ್ಬರಿನ ಮೇಲೆ. ಜೀಪನ್ನು ಹಿಂದಿನ ದಿನವೇ ರಾಜೇಸಾಬನಲ್ಲಿ ಬಿಟ್ಟು ಬಂದಿದ್ದೆ. ಅವನು ಅಪ್ಪನನ್ನು ಕಂಡು ಸ್ಟೂಲು ಕೊಟ್ಟು ಕೂರಿಸಿ, "ಬಡಿಗ್ಯಾರ, ನಮ್ಮಜ್ಜನ ಚಕ್ಕಡಿಗೆ ನೀವ ಗಾಲಿ ಕೊಟ್ಟಿದ್ರಿ" ಎಂದ. ಅಪ್ಪ ಅಂಗಡಿಯ ಟೈರುಗಳನ್ನೆಲ್ಲ ಒಂದು ಸುತ್ತು ನೋಡಿ, ಮೂಲೆಯಲ್ಲಿದ್ದ ಒಂದರ ಮುಂದೆ ನಿಂತ. ಸಣ್ಣ ಲಾರಿಗಳಿಗೆ ಹಾಕುವ, ಎತ್ತರವಾಗಿದ್ದೂ ಅಗಲ ಕಡಿಮೆ ಇರುವ, ದೂರ ದೂರ ದಪ್ಪ ಹಲ್ಲಿನ ಟೈರು. ಅದಕ್ಕೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ನೆಲಕ್ಕೂ ಒಂದು ಗೆರೆ ಎಳೆದು, ಒಂದು ಸುತ್ತು ಉರುಳಿಸಿ, ಗೆರೆ ಮತ್ತೆ ನೆಲ ಮುಟ್ಟಿದಲ್ಲಿ ಇನ್ನೊಂದು ಗುರುತು ಹಾಕಿ, ನಡುವಿನ ದೂರವನ್ನು ಸುತಳಿಯಿಂದ ಅಳೆದ. ಹೀಗೆ ನಾಲ್ಕನ್ನೂ ಅಳೆದ. ಕಂಪನಿಯ ಟೈರು ನಾಲ್ಕೂ ಒಂದೇ ಅಳತೆ ಇರುತ್ತವೆ ಎಂದು ರಾಜೇಸಾಬ ಹೇಳಿದರೂ ಬಿಡಲಿಲ್ಲ. ಮುಗಿದ ಮೇಲೆ ಸುತಳಿ ಸುತ್ತಿಕೊಳ್ಳುತ್ತ, "ಸರಿ ಅದಾವ" ಎಂದ. ಜೀವಮಾನದಲ್ಲಿ ರಬ್ಬರಿಗೆ ಅವನು ಕೊಟ್ಟ ಮೊದಲ ಪ್ರಮಾಣಪತ್ರ ಅದು.

ಮುಂದೆ ಆದದ್ದು ಬೆರಳಿನ ಎಡವಟ್ಟು. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ಸಂದಿ ಇರಲಿ, ಅಷ್ಟು ಆಗುವ ಹಾಗೆ ಬಾಡಿ ಎತ್ತು ಎಂದು ಅಪ್ಪ ಹೇಳಿದ್ದ. ರಾಜೇಸಾಬನಿಗೆ ಕೇಳಿಸಿದ್ದು, ಬಾಡಿಯನ್ನು ಈಗಿರುವುದಕ್ಕಿಂತ ನಾಲ್ಕು ಬೆರಳು ಎತ್ತು ಎಂದು. ಸಾಲದ್ದಕ್ಕೆ ಬಡಿಗನ ಬೆರಳು ಬೇರೆ, ಟೈರಿನ ಅಂಗಡಿಯ ಬೆರಳು ಬೇರೆ. ಅಪ್ಪನಿಗೆ ನಾಲ್ಕು ಬೆರಳೆಂದರೆ ತನ್ನ ಕೈಯ ನಾಲ್ಕು ಬೆರಳು ಕೂಡಿಸಿ ಇಟ್ಟಷ್ಟು. ರಾಜೇಸಾಬನ ಅಂಗಡಿಯಲ್ಲಿ ಹಳಬರು ಬೆರಳು ಎಂದದ್ದನ್ನು ಇಂಚು ಎಂದು ತಿಳಿಯುವುದು ರೂಢಿ. ನಾವು ಊಟ ಮಾಡಿ ಬರುವಷ್ಟರಲ್ಲಿ ಅವನು ಕಮಾನುಪಟ್ಟಿಗಳ ಕೆಳಗೆ ದಪ್ಪ ಕಬ್ಬಿಣ ಕೊಟ್ಟು ಜೀಪನ್ನು ಆಕಾಶಕ್ಕೆ ಏರಿಸಿಬಿಟ್ಟಿದ್ದ. ಟೈರಿನ ಮೇಲಿನ ಸಂದಿಯಲ್ಲಿ ಅಂಗಡಿಯ ಬೆಕ್ಕು ಆಗಲೇ ಮಲಗಿತ್ತು.

"ಇದೇನೋ ಮಾರಾಯಾ, ನಾಕ ಬೆರಳ ಅಂದ್ರ ಇಷ್ಟ?" ಎಂದ ಅಪ್ಪ.

"ನಾಕ ಅಂದ್ರ ನಾಕರಿ. ಟೇಪ್ ಹಿಡದ ನೋಡ್ರಿ ಬೇಕಾದ್ರ."

"ಟೇಪಿಗೆ ಬೆರಳ ಎಲ್ಲಿ ಇರತಾವು?"

ಇಬ್ಬರೂ ಕೈ ಕೈ ಹಚ್ಚಿ ಬೆರಳು ಹೋಲಿಸುತ್ತ ಅರ್ಧ ತಾಸು ವಾದ ಮಾಡಿದರು. ನಾನು ಜೀಪು ಹತ್ತಲು ಹೋದೆ, ಮೊಣಕಾಲು ಗದ್ದಕ್ಕೆ ಬಂತು. ಔಷಧದ ಪೆಟ್ಟಿಗೆ ಹಿಡಿದು ಹತ್ತುವುದಂತೂ ಆಗದ ಮಾತು. ಇಳಿಸಿಬಿಡೋಣ ಎಂದು ರಾಜೇಸಾಬ ಪಾನಾ ಕೈಗೆತ್ತಿಕೊಂಡ. ಅಪ್ಪ ಬೆಕ್ಕನ್ನು ಓಡಿಸಿ ಸಂದಿಯಲ್ಲಿ ಮುಂಗೈಯನ್ನೇ ತೂರಿಸಿ ನೋಡಿ, "ಇರ್ಲಿ ಬಿಡು. ಕೆಸರಿಗೆ ಜಾಗಾ ಹೆಚ್ಚಾದ್ರ ಲುಕ್ಸಾನಿಲ್ಲ. ಹತ್ತೂದಕ್ಕ ನಾ ಏನರ ಮಾಡತೇನಿ" ಎಂದ. ತಾನು ಮಾತ್ರ ಬಸ್ಸಿನಲ್ಲೇ ಊರಿಗೆ ಮರಳಿದ. ಗಾಲಿಯ ಅರಗಳಿಗೆಂದು ಕೊಯ್ದು ಇಟ್ಟು, ಗಾಲಿಯಾಗದೆ ಅಟ್ಟದ ಮೇಲೆ ಉಳಿದಿದ್ದ ಜಾಲಿ ಹಲಗೆ ಮರುದಿನ ಕೆಳಗೆ ಬಂತು. ಕಿತ್ತೂರಿನ ಪೊಲೀಸರು ನೋಡುತ್ತ ನಿಂತದ್ದು ಅದನ್ನೇ. ಮೊಳೆ ಕಾಣದ್ದಕ್ಕೆ ಕಾರಣ, ಅದರಲ್ಲಿ ಮೊಳೆಯೇ ಇಲ್ಲ.

ದೊಡ್ಡ ಟೈರಿನಿಂದ ಬೇರೆ ಕೆಲವು ತಮಾಷೆಗಳೂ ಆದವು. ಗಾಲಿಯ ಸುತ್ತು ದೊಡ್ಡದಾದ್ದರಿಂದ ದಾರಿ ಎಣಿಸುವ ಮೀಟರು ಕಡಿಮೆ ತೋರಿಸತೊಡಗಿತು. ಸಂಪಗಾಂವದಿಂದ ಬೈಲಹೊಂಗಲ ನಮಗೆ ಮೊದಲಿಗಿಂತ ಹತ್ತಿರವಾಯಿತು. ಅವ್ವ ಇದನ್ನು ಕೇಳಿ, "ಹಂಗಾದ್ರ ನನ್ನ ತವರಮನಿಗೂ ಇದರಾಗ ಕರಕೊಂಡ ಹೋಗು, ಲಗೂ ಮುಟ್ಟತೇವಿ" ಎಂದಳು. ಸ್ಟೇರಿಂಗು ಮಾತ್ರ ರುಬ್ಬುವ ಕಲ್ಲಿನಷ್ಟು ಬಿಗಿಯಾಯಿತು. ಗಾಡಿ ಮೊದಲಿನಂತೆ ಚಿಮ್ಮುವುದಿಲ್ಲ, ಬ್ರೇಕು ಹಿಡಿದರೆ ಯೋಚಿಸಿ ನಿಲ್ಲುತ್ತದೆ. ಇದನ್ನೆಲ್ಲ ಮುಚ್ಚಿಟ್ಟು ಬರೀ ಬಡಾಯಿ ಕೊಚ್ಚುವುದು ಸರಿಯಲ್ಲವಲ್ಲ.

ಆ ಸಲದ ಉಳಿದ ಮಳೆಯಲ್ಲಿ ನಾನು ಎಲ್ಲಿಯೂ ಸಿಕ್ಕಿಬೀಳಲಿಲ್ಲ. ಆದರೂ ಗಂಗವ್ವನ ಹೊಲದ ಕಡೆ ಜೀಪು ಒಯ್ಯಲಿಲ್ಲ. ಅವಳು ಕರೆಯಲಿಲ್ಲ, ನಾನು ಹೋಗಲಿಲ್ಲ ಎಂದು ಹೇಳಬಹುದು. ಹೆದರಿದ್ದೆ ಎಂಬುದು ನಿಜ.

ಮುಂದಿನ ವರ್ಷ ಅದೇ ಮಳೆಯ ಕಾಲಕ್ಕೆ ಫೋನು ಬಂತು. ಮಣಕಕ್ಕೆ ಚೊಚ್ಚಲು. ಬೆಳಗಿನಿಂದ ತಿಣುಕುತ್ತಿದೆ, ನೀರೂ ಒಡೆದಿಲ್ಲ. ಗಂಗವ್ವ ಹೇಳಿ ಮುಗಿಸಿ, "ಮಳಿ ಬಾಳ ಐತಿ, ಆದ್ರ ಬರ್ರಿ" ಎಂದಳು. ಆ "ಆದ್ರ" ನನಗೆ ನಾಟಿತು. ನಾನು ಪೆಟ್ಟಿಗೆ ಹಿಡಿದು ಅಂಗಳಕ್ಕೆ ಓಡಿ ಬಂದರೆ ಅಪ್ಪ ಹೆಗಲಿಗೆ ವಲ್ಲಿಬಟ್ಟೆ ಹಾಕಿಕೊಂಡು ಜೀಪಿನ ಆ ಬದಿಯ ಸೀಟಿನಲ್ಲಿ ಕೂತಿದ್ದ. ಐದಾರು ವರ್ಷ ಕೂಡದವನು.

"ನೀ ಎಲ್ಲಿಗಪ್ಪಾ ಈ ಮಳ್ಯಾಗ?"

"ಗಾಲಿ ನೋಡಾಕ ಬರಾಕತ್ತೇನಿ. ನಿನ್ನ ನೋಡಾಕಲ್ಲ. ನಡಿ."

ಡಾಂಬರು ಮುಗಿದು ಎರೆ ಬಂತು. ಹಿಂದಿನ ವರ್ಷ ನಿಂತ ಜಾಗ ಎದುರಿಗೆ ಕಾಣುತ್ತಿದ್ದಂತೆ ನನ್ನ ಕಾಲು ತಾನಾಗಿಯೇ ಎಕ್ಸಲರೇಟರ್ ಒತ್ತಿತು. ಅಪ್ಪ ನನ್ನ ಭುಜದ ಮೇಲೆ ಕೈ ಇಟ್ಟ.

"ಒತ್ತಬ್ಯಾಡ. ಎತ್ತ ಹೊಡದಂಗ ಹೊಡಿ. ನಿಲ್ಲಸಬ್ಯಾಡ, ಓಡಸಬ್ಯಾಡ. ಎಡಗಾಲಿ ಆ ಹಳೀ ಚಕ್ಕಡಿ ಜಾಡಿನಾಗ ಹಾಕು."

ಜಾಡು ಆಳವಾಗಿತ್ತು, ನೀರು ತುಂಬಿತ್ತು. ಅದನ್ನು ತಪ್ಪಿಸಬೇಕು ಎಂದು ಮೊಬೈಲಿನವರೆಲ್ಲ ಹೇಳಿದ್ದರು. "ಅಲ್ಲಿ ಹುಗದ್ರ?" ಎಂದೆ.

"ಹುಗಿಯಂಗಿಲ್ಲ. ಅದರ ತಳಾ ನನಗ ಗೊತ್ತೈತಿ. ಎಷ್ಟ ವರ್ಷ ಆ ಜಾಡಿನಾಗ ಗಾಲಿ ಉರಳಿ ತಳಾ ಕಲ್ಲಾಗೇತಿ."

ಹಾಕಿದೆ. ಜೀಪು ಎಡಕ್ಕೆ ವಾಲಿ ಇಳಿಯಿತು, ಇಳಿಯುತ್ತಲೇ ಹೋಯಿತು. ಆಮೇಲೆ ಕೆಳಗೆ ಏನೋ ಗಟ್ಟಿಯಾದದ್ದು ಸಿಕ್ಕಿತು. ಗಾಲಿ ಅದನ್ನು ಹಿಡಿಯಿತು. ಎರಡೂ ಬದಿಗೆ ಕೆಸರು ಸೀಳಿ ಬೀಳುವುದು ಕಾಣುತ್ತಿತ್ತು, ಮಡ್‌ಗಾರ್ಡಿನ ಆ ದೊಡ್ಡ ಸಂದಿಯಿಂದ ಮಣ್ಣಿನ ಹೆಂಟೆಗಳು ಹಾರಿ ಹಿಂದೆ ಬೀಳುತ್ತಿದ್ದವು. ಎರಡು ಹೊಲ ದಾಟಿದೆವು. ಅಪ್ಪ ಕಣ್ಣು ಮುಚ್ಚಿಕೊಂಡು ಗಾಲಿಯ ಸದ್ದು ಕೇಳುತ್ತಿದ್ದ. ಏನೂ ಹೇಳಲಿಲ್ಲ.

ಮಣಕದ ಗರ್ಭಚೀಲ ತಿರುಚಿಕೊಂಡಿತ್ತು. ಎಮ್ಮೆಗಳಲ್ಲಿ ಹೀಗಾಗುವುದುಂಟು. ಬೇಗ ಬಿಡಿಸಿದರೆ ತಾಯಿ, ಕರು ಎರಡೂ ಉಳಿಯುತ್ತವೆ, ತಡವಾದರೆ ಎರಡೂ ಹೋಗುತ್ತವೆ. ಹಿಂದಿನ ವರ್ಷ ತಾಯಿಗೂ ಇದೇ ಆಗಿತ್ತು. ಅಕ್ಕಪಕ್ಕದ ಹೊಲದವರು ಓಡಿ ಬಂದರು. ಕಾಲು ಕಟ್ಟಿ ಮಲಗಿಸಿ, ಹೊಟ್ಟೆಯ ಮೇಲೆ ಉದ್ದ ಹಲಗೆ ಇಟ್ಟು ಒಬ್ಬರನ್ನು ಅದರ ಮೇಲೆ ನಿಲ್ಲಿಸಿ, ನಿಧಾನವಾಗಿ ಉರುಳಿಸಿದೆವು. ಮೊದಲ ಸಲ ಬಿಡಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಒಳಗೆ ಕೈ ಹಾಕಿದಾಗ ದಾರಿ ತೆರೆದಿತ್ತು. ಕರುವಿನ ಕಾಲು ಕೈಗೆ ಸಿಕ್ಕಿತು, ಅದು ಕಾಲು ಹಿಂದಕ್ಕೆ ಎಳೆದುಕೊಂಡಿತು. ಬದುಕಿದೆ ಎಂದು ಕೂಗಿದೆ. ಹೆಣ್ಣುಗರು. ಅರ್ಧ ತಾಸಿನಲ್ಲಿ ನಡುಗುತ್ತ ಎದ್ದು ನಿಂತಿತು, ತಾಯಿ ನೆಕ್ಕತೊಡಗಿತು. ನಾನು ಮಣ್ಣಿನಲ್ಲೇ ಕೂತು ಅತ್ತುಬಿಟ್ಟೆ. ಡಾಕ್ಟರು ಅಳಬಾರದಂತೆ, ಯಾರು ಹೇಳಿದರೋ.

ಗಂಗವ್ವ ಈ ಸಲವೂ ತಂಬಿಗೆ ತಂದು ಕೈಮೇಲೆ ನೀರು ಹಾಕಿದಳು. ಆಮೇಲೆ ಅಂಗಳದಲ್ಲಿ ನಿಂತಿದ್ದ ಜೀಪಿನ ಹತ್ತಿರ ಹೋಗಿ ಗಾಲಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಈ ಗಾಲಿ ಯಾರ ಮಾಡಿದ್ರಿ?"

"ಕಂಪನ್ಯಾಗ ಮಾಡತಾರ ಗಂಗವ್ವಾ, ಟಾಯರ ಐತಲ್ಲ ಅದು."

"ಹೋದ ವರ್ಷದ್ದೂ ಕಂಪನ್ಯಾಗ ಮಾಡಿದ್ದ ಇತ್ತಲ್ರಿ. ಈ ವರ್ಷದ್ದ ಯಾರ ಮಾಡಿದ್ರು?"

ನಾನು ಜೀಪಿನ ಆ ಬದಿಗೆ ಕೈ ತೋರಿಸಿದೆ. ಅಪ್ಪ ಬಗ್ಗಿ ಕಡ್ಡಿಯಿಂದ ಟೈರಿನ ಹಲ್ಲಿನ ಮಣ್ಣು ತೆಗೆಯುತ್ತಿದ್ದ. "ನಮ್ಮಪ್ಪಾರು. ಸಂಪಗಾಂವಿ ಗಾಲಿ ಬಡಿಗ್ಯಾರು" ಎಂದೆ. ಇಷ್ಟು ವರ್ಷದಲ್ಲಿ ನಾಲ್ಕು ಜನರ ಮುಂದೆ ಆ ಮಾತನ್ನು ಅಷ್ಟು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲಿರಬೇಕು. ಗಂಗವ್ವ "ಹೂಂ" ಎಂದಳು, ಅಷ್ಟೇ.

ಸುಗ್ಗಿಯಲ್ಲಿ ಒಂದು ಮಧ್ಯಾಹ್ನ ಅವಳ ಫೋನು ಮತ್ತೆ ಬಂತು. ನಾನು ಗಾಬರಿಯಿಂದ ಎಮ್ಮೆಗೇನಾಯಿತು ಎಂದೆ. "ಎಮ್ಮಿಗೇನಿಲ್ರಿ. ರಾಶಿ ಮಾಡೇನಿ, ಬಡಿಗ್ಯಾರನ್ನ ಕರಕೊಂಡ ಬರ್ರಿ" ಎಂದಳು.

ಇಲ್ಲಿ ಒಂದು ಮಾತು ಹೇಳದಿದ್ದರೆ ನಿಮಗೆ ತಿಳಿಯಲಿಕ್ಕಿಲ್ಲ. ಹಿಂದೆ ಕಣದಲ್ಲಿ ರಾಶಿಯಾದ ಮೇಲೆ, ಧಾನ್ಯ ಮನೆಗೆ ಹೋಗುವ ಮುಂಚೆ, ಊರ ಬಡಿಗ, ಕಂಬಾರ ಮೊದಲಾದವರಿಗೆಲ್ಲ ಒಂದೊಂದು ಪಾಲು ತೆಗೆಯುತ್ತಿದ್ದರು. ಅದಕ್ಕೆ ಆಯ ಎನ್ನುತ್ತಾರೆ. ವರ್ಷವಿಡೀ ಗಾಲಿ, ಕುಂಟೆ, ಕೂರಿಗೆ ನೋಡಿಕೊಂಡವನ ಹಕ್ಕು ಅದು, ಕೇಳಿ ಪಡೆಯುವಂಥದ್ದಲ್ಲ, ಕರೆದು ಕೊಡುವಂಥದ್ದು. ಚಕ್ಕಡಿ ಹೋದ ಮೇಲೆ ಅಪ್ಪನನ್ನು ಯಾರೂ ಕರೆಯಲಿಲ್ಲ. ಸುಗ್ಗಿಯ ದಿನಗಳಲ್ಲಿ ಅವನು ಕಣಗಳ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಿದ್ದ. ಆಯದ ಆಸೆಗೆ ಬಂದ ಎಂದು ಯಾರಾದರೂ ಅಂದುಕೊಂಡಾರು ಎಂದು.

ಗಂಗವ್ವನ ರಾಶಿ ಮಷಿನ್ನಿನಿಂದ ಆದದ್ದು. ಕಣವಿರಲಿಲ್ಲ, ನೀಲಿ ತಾಡಪತ್ರಿ ಹಾಸಿ ಜೋಳ ಸುರಿದಿದ್ದಳು. ರಾಶಿಗೆ ವಿಭೂತಿ ಹಚ್ಚಿತ್ತು, ಇನ್ನೂ ಒಂದು ಚೀಲವನ್ನೂ ತುಂಬಿರಲಿಲ್ಲ. ನಮ್ಮನ್ನು ಕಂಡವಳೇ ಮೊರದ ತುಂಬ ಬಿಳಿಜೋಳ ಮೊಗೆದು ಎದ್ದು ನಿಂತಳು. "ಬಡಿಗ್ಯಾರ, ನಿಮ್ಮ ಆಯ ತುಗೊಳ್ರಿ" ಎಂದಳು.

ಅಪ್ಪ ಬೇಡ ಎನ್ನುತ್ತಾನೆಂದು ನಾನು ಅಂದುಕೊಂಡೆ. ಅವನು ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಎರಡು ಸಲ ಜಾಡಿಸಿ, ಬಗ್ಗಿ ಎರಡೂ ಕೈಯಿಂದ ಒಡ್ಡಿದ. ಗಂಗವ್ವ ಸುರಿದಳು. ಮತ್ತೊಮ್ಮೆ ಮೊಗೆದು ಸುರಿದಳು. ಒಂದು ಕಾಳೂ ಕೆಳಗೆ ಬೀಳಲಿಲ್ಲ.

ಮನೆಗೆ ಬಂದಾಗ ಅವ್ವ ಗಂಟು ಬಿಚ್ಚಿ, ಒಳ್ಳೆ ಜೋಳ ಎಂದು ನಮ್ಮ ಮನೆಯ ಜೋಳದ ಡಬ್ಬಿಗೆ ಸುರಿಯಲು ಹೋದಳು. ಅಪ್ಪ ಬಾಗಿಲಲ್ಲಿ ನಿಂತು ಕೈ ಅಡ್ಡ ಮಾಡಿದ.

"ಅದರಾಗ ಕೂಡಸಬ್ಯಾಡ. ಬ್ಯಾರೆ ಬೀಸು. ಇದು ನನ್ನ ಆಯದ್ದು."